ಚಿಕ್ಕಪ್ಪನ ಹಲಗೆ ಮನೆಯ ಪಾರಂಪರಿಕ ಮೌಲ್ಯ

ಒಮಾನಿನ ಇಬ್ರಿಯಲ್ಲಿ ಹಳೆಯ ಮರದ ಕಿಟಕಿಗಳನ್ನೆಲ್ಲ ಕಿತ್ತು ಹಾಕಿದವರು ಯಾರು ಎಂದು ಯಾರಾದರೂ ತನಿಖೆ ಮಾಡಿಸಿದರೆ, ಮೊದಲನೇ ಆರೋಪಿಯಾಗಿ ಕಟಕಟೆ ಹತ್ತಬೇಕಾದವರು ನನ್ನ ಚಿಕ್ಕಪ್ಪ. ಅದೇ ಇಬ್ರಿಯಲ್ಲಿ ಉಳಿದಿರುವ ಒಂದೇ ಒಂದು ಮರದ ಮನೆಯನ್ನು ಕಾಪಾಡಬೇಕೆಂದು ಊಟ ನಿದ್ದೆ ಬಿಟ್ಟು ಓಡಾಡಿದವರೂ ಅವರೇ. ಈ ಇಬ್ಬರೂ ಒಬ್ಬರೇ ಎಂದು ನಂಬಲು ನಮ್ಮ ಮನೆಯವರಿಗೇ ಬಹಳ ದಿನ ಹಿಡಿಯಿತು. ನಿಮಗೆ ನಂಬಿಕೆ ಬಾರದಿದ್ದರೆ ನನ್ನ ತಕರಾರಿಲ್ಲ!

ಚಿಕ್ಕಪ್ಪನದು ಅಲ್ಯೂಮಿನಿಯಂ ಕಿಟಕಿ ಬಾಗಿಲುಗಳ ಅಂಗಡಿ. ನಮ್ಮ ಕರಾವಳಿಯಿಂದ ಒಮಾನಿಗೆ ಬಂದವರಲ್ಲಿ ಕೆಲವರು ಹೋಟೆಲು ಇಟ್ಟರು, ಕೆಲವರು ಆಫೀಸು ಸೇರಿದರು. ಇವರು ಅಲ್ಯೂಮಿನಿಯಂ ಹಿಡಿದರು. ಯಾರ ಮನೆಗೆ ಹೋದರೂ ಮೊದಲು ಕಿಟಕಿಯನ್ನು ಬೆರಳಿನಿಂದ ತಟ್ಟುತ್ತಾರೆ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. "ಇದು ಮರ. ಮರಕ್ಕೆ ಆಯುಷ್ಯ ಇಲ್ಲ" ಎಂಬುದು ಅವರ ಖಾಯಂ ಮಾತು. ಮಸ್ಕತ್ತಿನ ದಾರ್ಸೈಟಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಬಂದಾಗ ನಮ್ಮ ದೇವರ ಮಂಟಪವನ್ನೂ ಹಾಗೆಯೇ ತಟ್ಟಿ ನೋಡಿ, "ಇದನ್ನು ಅಲ್ಯೂಮಿನಿಯಂ ಮಾಡಿಸ್ಬಹುದು, ಸ್ಲೈಡಿಂಗ್" ಎಂದಿದ್ದರು. ನನ್ನ ಗಂಡ ನಕ್ಕರು. ಚಿಕ್ಕಪ್ಪ ನಗಲಿಲ್ಲ, ಅಳತೆ ತೆಗೆದುಕೊಂಡರು.

ಇಂಥವರು ಇಷ್ಟು ವರ್ಷ ವಾಸವಿದ್ದದ್ದು ಎಲ್ಲಿ? ಹಲಗೆ ಮನೆಯಲ್ಲಿ!

ಆ ಮನೆಯ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಆ ಕಡೆಗೆ ಡಾಂಬರು ರಸ್ತೆ ಬರುತ್ತಿದ್ದ ಕಾಲದಲ್ಲಿ ರಸ್ತೆ ಕಂಪೆನಿಯೊಂದರ ಆಸ್ಟ್ರೇಲಿಯಾದ ಇಂಜಿನಿಯರ್ ಒಬ್ಬ ಅಲ್ಲಿ ಬೀಡುಬಿಟ್ಟಿದ್ದನಂತೆ. ಉಳಿದವರಿಗೆಲ್ಲ ಡೇರೆಯೋ ಕಂಟೇನರೋ ಸಾಕಾಗಿದ್ದರೆ, ಇವನಿಗೆ ಮಾತ್ರ ತನ್ನ ಊರಿನಲ್ಲಿ ಅಜ್ಜ ಅಜ್ಜಿ ಇದ್ದಂಥ ಮನೆಯೇ ಬೇಕಾಯಿತು. ಹಡಗಿನಲ್ಲಿ ಮರ ತರಿಸಿದ. ಒಂದರ ಅಂಚು ಇನ್ನೊಂದರ ಮೇಲೆ ಕೂರುವಂತೆ ಅಡ್ಡ ಹಲಗೆ ಹೊಡೆದ ಗೋಡೆ, ಕೆಂಪು ಬಣ್ಣ ಬಳಿದ ತಗಡಿನ ಇಳಿಜಾರು ಮಾಡು, ಮುಂದೆ ಉದ್ದಕ್ಕೂ ಜಗಲಿ, ಜಗಲಿಯ ಕಂಬಗಳ ನಡುವೆ ಕಸೂತಿಯಂತೆ ಕೊರೆದ ಮರದ ಪಟ್ಟಿ. ಸುತ್ತ ಖರ್ಜೂರದ ತೋಟ, ಹಿಂದೆ ಬೋಳು ಗುಡ್ಡ, ನಡುವೆ ಈ ಮನೆ. ರಸ್ತೆ ಮುಗಿಯಿತು, ಇಂಜಿನಿಯರ್ ಊರಿಗೆ ಹೋದ, ಮನೆ ಜಾಗದ ಮಾಲೀಕರಿಗೆ ಉಳಿಯಿತು.

ಆಮೇಲೆ ಬಾಡಿಗೆಗೆ ಬಂದವರೆಲ್ಲ ಅದಕ್ಕೆ ತಮ್ಮ ಕೈಲಾದ ಸೇವೆ ಸಲ್ಲಿಸಿದರು. ಒಬ್ಬ ಮೇಷ್ಟ್ರು ಹಿಂದುಗಡೆ ಸಿಮೆಂಟ್ ಬ್ಲಾಕಿನ ಬಚ್ಚಲು ಕಟ್ಟಿಸಿದರು. ಲಾರಿ ಇಟ್ಟುಕೊಂಡಿದ್ದ ಇನ್ನೊಬ್ಬರು ಗೋಡೆಯಲ್ಲಿ ಎ.ಸಿ.ಗೆಂದು ನಾಲ್ಕು ಕಡೆ ಚೌಕ ಕೊರೆಸಿ, ಒಂದೇ ಎ.ಸಿ. ತಂದರು. ಮತ್ತೊಬ್ಬರು ಒಳಗೆ ಜಿಪ್ಸಮ್ ಸೀಲಿಂಗ್ ಹಾಕಿಸಿ ಅದರ ನಡುವೆ ಗುಲಾಬಿ ಹೂ ಮೂಡಿಸಿದರು. ಕೊನೆಗೆ ಬಂದವರು ಚಿಕ್ಕಪ್ಪ. ಮದುವೆಯಾಗಿ ಚಿಕ್ಕಮ್ಮನನ್ನು ಕರೆತಂದ ವರ್ಷವೇ ಅವರು ಜಗಲಿಯ ಅರ್ಧಕ್ಕೆ ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿ, ಆಳೆತ್ತರದ ಗಾಜು ಕೂರಿಸಿ, ಒಂದು ಕೋಣೆ ಮಾಡಿಬಿಟ್ಟರು. ಅದೂ ಮನೆಯ ಮುಖದಲ್ಲಿ! ದೂರದಿಂದ ನೋಡಿದರೆ ಸೀರೆ ಉಟ್ಟ ಅಜ್ಜಿಯೊಬ್ಬಳು ಮೊಮ್ಮಗನ ಕನ್ನಡಕ ಹಾಕಿಕೊಂಡ ಹಾಗೆ ಕಾಣುತ್ತಿತ್ತು.

ಅದು ಚಿಕ್ಕಮ್ಮನ ಹೊಲಿಗೆ ಕೋಣೆ. ಬಂದ ಹೊಸತರಲ್ಲಿ ಅವರಿಗೆ ಭಾಷೆ ಬಾರದು, ನೆರೆಯವರ ಗುರುತಿಲ್ಲ. ಜಗಲಿಯಲ್ಲಿ ಕೂತರೆ ಕಣ್ಣಿಗೆ ಮರಳು, ಒಳಗೆ ಕೂತರೆ ಕತ್ತಲೆ. ಆರು ತಿಂಗಳಲ್ಲಿ ಊರಿಗೆ ಓಡುವುದೆಂದು ತೀರ್ಮಾನಿಸಿದ್ದರಂತೆ. ಕೋಣೆಯಾಗಿ, ಅದರೊಳಗೆ ಹೊಲಿಗೆ ಮಿಷನ್ ಬಂದ ಮೇಲೆ, ಗಾಜಿನ ಹಿಂದೆ ಹೊಲಿಯುತ್ತಿದ್ದ ಹೆಂಗಸನ್ನು ನೋಡಿ ನೆರೆಯ ಒಮಾನಿ ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆ ಹಿಡಿದುಕೊಂಡು ಬಂದರು. ಚಿಕ್ಕಮ್ಮ ಅರಬಿ ಕಲಿತದ್ದು ಅಲ್ಲಿ, ಅರ್ಧ ಇಬ್ರಿಯ ಮದುಮಗಳಂದಿರ ಅಳತೆ ಬಾಯಿಪಾಠವಾದದ್ದೂ ಅಲ್ಲಿ. ಅವರಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಹುಡುಗಿಯರ ನಗು ಗಲಾಟೆ ಕೇಳುತ್ತಿದ್ದದ್ದು ಆ ಒಂದು ಕೋಣೆಯಲ್ಲಿ ಮಾತ್ರ.

ಉಳಿದ ಮನೆಯ ಮೇಲೆ ಚಿಕ್ಕಮ್ಮನಿಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. "ಇದು ಮನೆಯಾ? ಮಾವಿನಹಣ್ಣು ತುಂಬಿಸಿ ಕಳಿಸುವ ಪೆಟ್ಟಿಗೆ" ಎನ್ನುತ್ತಿದ್ದರು. "ನಾನು ಸಾಯುವುದರೊಳಗೆ ಒಂದು ವರ್ಷವಾದರೂ ಸಿಮೆಂಟಿನ ಗೋಡೆಗೆ ಒರಗಿ ಕೂರ್ಬೇಕು, ಅಷ್ಟೇ."

ಹೋದ ವರ್ಷ ಹಳೆಯ ಮಾಲೀಕರು ತೀರಿಕೊಂಡರು. ಅವರ ಮಗ ಮಸ್ಕತ್ತಿನಲ್ಲಿ ಕೆಲಸದಲ್ಲಿರುವವನು, ಒಳ್ಳೆಯ ಮನುಷ್ಯ. ಬಂದ, ಖಾವಾ ಕುಡಿದ, ಚಿಕ್ಕಪ್ಪನ ಕೈ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಹೇಳಿದ: ಬಕ್ರೀದ್ ಕಳೆದ ಮೇಲೆ ಮನೆ ಕೆಡವುತ್ತೇನೆ, ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟು ಕಟ್ಟುತ್ತೇನೆ, ನೀವು ಬೇರೆ ಮನೆ ನೋಡಿಕೊಳ್ಳಿ. ಚಿಕ್ಕಮ್ಮ ಆ ಸಂಜೆ ಪಾಯಸ ಮಾಡಿದರು. ಚಿಕ್ಕಪ್ಪ ಪಾಯಸ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ನನ್ನ ಆಫೀಸಿಗೆ ಫೋನು ಬಂತು.

"ಮಗಳೇ, ನಮ್ಮ ಮನೆ ಹೆರಿಟೇಜ್."

"ಯಾರು ಹೇಳಿದರು ಚಿಕ್ಕಪ್ಪ?"

"ನಾನು ಹೇಳ್ತಾ ಇದ್ದೇನಲ್ಲ ಮಾರಾಯ್ತಿ."

ವಿಷಯ ಏನೆಂದರೆ, ಕೆಲವು ತಿಂಗಳ ಹಿಂದೆ ಹಳೆಯ ಮಣ್ಣಿನ ಮನೆಯೊಂದನ್ನು ರಿಪೇರಿ ಮಾಡಿ ಪ್ರವಾಸಿಗರ ವಸತಿಗೃಹ ಮಾಡುತ್ತಿದ್ದ ಕಡೆಗೆ ಚಿಕ್ಕಪ್ಪ ಕಿಟಕಿ ಕೆಲಸ ಸಿಗುತ್ತದೆಂದು ಮಾದರಿ ಹೊತ್ತುಕೊಂಡು ಹೋಗಿದ್ದರು. ಅಲ್ಲಿಯ ಮೇಸ್ತ್ರಿ ಇವರನ್ನು ಗೇಟಿನಿಂದಲೇ ವಾಪಸು ಕಳಿಸಿದ್ದ. ಇಲ್ಲಿ ಮರವೇ ಆಗಬೇಕು, ಅದೂ ಹಳತೇ ಆಗಬೇಕು, ಯಾಕೆಂದರೆ ಇದು ಪಾರಂಪರಿಕ ಕಟ್ಟಡ, ಇದನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದಿದ್ದ. ಅಲ್ಯೂಮಿನಿಯಂ ಬೇಡ ಎನ್ನುವ ಮನುಷ್ಯನನ್ನು ಚಿಕ್ಕಪ್ಪ ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು. ಆಗ ಅವಮಾನವಾಗಿತ್ತು. ಈಗ ಅದೇ ಮಾತು ಹಿಡಿದುಕೊಂಡು ನೇತಾಡತೊಡಗಿದರು.

"ಮಣ್ಣಿನ ಮನೆಗೆ ಅಷ್ಟು ಮರ್ಯಾದೆ ಉಂಟಾದ್ರೆ ಮರದ ಮನೆಗೆ ಇಲ್ವಾ? ಇಂಥ ಮನೆ ಈ ದೇಶದಲ್ಲಿ ಇನ್ನೊಂದು ತೋರಿಸು ನೋಡುವ."

"ಅದು ಇಲ್ಲಿಯವರ ಪರಂಪರೆ ಚಿಕ್ಕಪ್ಪ. ಇದು ಆಸ್ಟ್ರೇಲಿಯಾದವನು ಕಟ್ಟಿದ್ದು, ಒಮಾನಿಯವರ ಜಾಗ, ನೀವು ತುಳುವರು, ಬಾಡಿಗೆಗೆ ಇರುವವರು. ಯಾರ ಪರಂಪರೆ ಅಂತ ಬರೆಯುವುದು?"

"ಅದನ್ನೇ ನೀನು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆ" ಎಂದು ಫೋನಿಟ್ಟರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಯನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ ಎಂದು ಸರಕಾರಿ ಕಚೇರಿಗೆ ಅರ್ಜಿ ಒಂಬತ್ತು ಸಲ ಬರೆದೆ. ಪ್ರತಿ ಸಲವೂ ಚಿಕ್ಕಪ್ಪನಿಗೆ ಏನೋ ಕಡಿಮೆ. "ಗಾಳಿ ಬಂದಾಗ ಹಲಗೆ ಒಂದು ಶಬ್ದ ಮಾಡ್ತದಲ್ಲ, ಅದನ್ನು ಬರೆದಿಯಾ?" ಎನ್ನುವರು. ಅರ್ಜಿಯಲ್ಲಿ ಶಬ್ದ ಬರೆಯುವುದು ಹೇಗೆ ಎಂದು ನಾನು ಕೇಳಿದರೆ, "ಆಫೀಸಿನಲ್ಲಿ ಇಷ್ಟು ವರ್ಷ ಎಂತ ಕಲಿತದ್ದು ನೀನು?" ಎನ್ನುವರು. ಕೊನೆಗೆ ಅದನ್ನು ಅರಬಿಗೆ ಮಾಡಿಸಲು ಟೈಪಿಂಗ್ ಅಂಗಡಿಗೆ ಕೊಟ್ಟೆವು. ಜೊತೆಗೆ ಐವತ್ತಮೂರು ಫೋಟೋ. ಟೈಪಿಂಗ್ ಮಾಡುವವನು ಫೋಟೋಗಳನ್ನು ಒಂದೊಂದಾಗಿ ನೋಡಿ, ಇದು ಮನೆ ಉಳಿಸಿಕೊಡಿ ಎಂಬ ಅರ್ಜಿಯೋ, ಮನೆ ಅಪಾಯದಲ್ಲಿದೆ ಎಂಬ ದೂರೋ ಎಂದು ವಿಚಾರಿಸಿದ. ಎರಡೂ ಹೌದು ಎಂದು ನಾನು ಹೇಳಿದೆ. ಸುಳ್ಳಲ್ಲವಲ್ಲ!

ಇದು ಆಗುವ ಹೋಗುವ ಕೆಲಸವಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಮಾಡುವುದಿದೆಯಲ್ಲ, ಅದರಷ್ಟು ಮನಸ್ಸು ಕುಗ್ಗಿಸುವ ಕೆಲಸ ಇನ್ನೊಂದಿಲ್ಲ. ಈ ದೇಶದಲ್ಲಿ ನಾವು ಎಷ್ಟು ವರ್ಷ ಇದ್ದರೂ ವೀಸಾ ಮುಗಿದ ದಿನ ಸೂಟ್‌ಕೇಸು ಎತ್ತಿಕೊಂಡು ಹೊರಡುವವರೇ. ಅದರಲ್ಲಿ ಯಾರ ತಪ್ಪೂ ಇಲ್ಲ, ಒಪ್ಪಿಕೊಂಡೇ ಬಂದದ್ದು. ಎಲ್ಲರಿಗೂ ತಿಳಿದ ಈ ಸಂಗತಿ ನಮ್ಮ ಚಿಕ್ಕಪ್ಪನಿಗೊಬ್ಬರಿಗೆ ಯಾಕೆ ತಿಳಿಯುವುದಿಲ್ಲ ಎಂದು ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಅರ್ಜಿ ಕೊಟ್ಟು ಸುಮ್ಮನೆ ಕೂರುವ ಜಾತಿಯೇ ಅವರು? ಪರೀಕ್ಷೆಗೆ ಬರುವವರ ಕಣ್ಣಿಗೆ ಮನೆ ಇಂಜಿನಿಯರನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಕಾಣಬೇಕೆಂದು ಪಣ ತೊಟ್ಟರು. ಮಾಲೀಕನ ಮಗನನ್ನು ಕೇಳಿದರು. ಹೇಗೂ ಕೆಡವುವ ಮನೆ, ನಿಮಗೆ ಬೇಕಾದ್ದು ಮಾಡಿಕೊಳ್ಳಿ ಎಂದ ಅವನು. ಅಲ್ಲಿಗೆ ಶುರುವಾಯಿತು ನೋಡಿ.

ಮೊದಲು ಹೋದದ್ದು ಗುಲಾಬಿ ಹೂವಿನ ಸೀಲಿಂಗು. ಅದರ ಹಿಂದೆ ಮರದ ಚಂದದ ಸೀಲಿಂಗು ಅಡಗಿದೆ ಎಂದು ಚಿಕ್ಕಪ್ಪನ ದೃಢ ನಂಬಿಕೆ. ಕೆಳಗೆ ಬಿದ್ದದ್ದು ಎಂದೆಂದಿನದೋ ಧೂಳು, ಪಾರಿವಾಳದ ಗೂಡು, ಒಂದು ಕಾಲಿನ ಚಪ್ಪಲಿ. ಮೇಲೆ ನೋಡಿದರೆ ಬರೀ ತಗಡು. ಚಿಕ್ಕಪ್ಪ ಆ ಚಪ್ಪಲಿಯನ್ನು ತೊಳೆದು ಇಟ್ಟುಕೊಂಡರು, ಇಂಜಿನಿಯರನದ್ದಿರಬಹುದಂತೆ. ಅದು ಹೆಂಗಸರ ಚಪ್ಪಲಿ ಎಂದು ಚಿಕ್ಕಮ್ಮ ಹೇಳಿದರು. "ಅವನಿಗೆ ಹೆಂಡತಿ ಇರ್ಲಿಕ್ಕಿಲ್ವಾ?" ಎಂದರು ಚಿಕ್ಕಪ್ಪ.

ಎರಡನೆಯದಾಗಿ ಎ.ಸಿ. ತೆಗೆದರು. ಇಂಜಿನಿಯರನ ಕಾಲದಲ್ಲಿ ಆ ಗೋಡೆಯಲ್ಲಿ ಎ.ಸಿ. ಇರಲಿಲ್ಲ, ಆದ್ದರಿಂದ ಈಗಲೂ ಇರಕೂಡದು. ತಿಂಗಳು ಯಾವುದು? ಮೇ! ಇಬ್ರಿಯ ಮೇ ತಿಂಗಳಿನಲ್ಲಿ ಹಂಡೆಯ ನೀರಿಗೆ ಒಲೆ ಬೇಡ, ನಲ್ಲಿ ತಿರುಗಿಸಿದರೆ ಸಾಕು. ಮೂರನೇ ದಿನ ಚಿಕ್ಕಮ್ಮ ದಾರ್ಸೈಟಿಗೆ ಬಂದಿಳಿದರು, ಒಂದು ಬ್ಯಾಗು ಬಟ್ಟೆ, ಒಂದು ಹೊಲಿಗೆ ಮಿಷನ್ ಸಮೇತ.

"ನಿನ್ನ ಚಿಕ್ಕಪ್ಪನಿಗೆ ಮಂಡೆ ಸಮ ಇಲ್ಲ" ಎಂದರು ಸೋಫಾದ ಮೇಲೆ ಕೂತು. "ಒದ್ದೆ ಬೈರಾಸು ತಲೆಗೆ ಕಟ್ಟಿಕೊಂಡು ಹಲಗೆ ಉಜ್ಜುತ್ತಾ ಇದ್ದಾರೆ. ನಾನೂ ಹಾಗೆ ಕಟ್ಟಿಕೊಳ್ಬೇಕಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ."

ನನ್ನ ಮಗಳು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದುವವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಅಜ್ಜಿ, ಹಿ ಈಸ್ ಸೋ ಕೂಲ್" ಎಂದಳು. "ಕೂಲ್ ಎಲ್ಲಿಂದ ಬಂತು, ಎ.ಸಿ.ಯೇ ಇಲ್ಲ" ಎಂದರು ಚಿಕ್ಕಮ್ಮ.

ಹತ್ತು ದಿನ ನಮ್ಮಲ್ಲಿದ್ದರು. ಹತ್ತೂ ದಿನ ಬೆಳಿಗ್ಗೆ ಎದ್ದವರು ಚಿಕ್ಕಪ್ಪನಿಗೆ ಫೋನು ಮಾಡಿ ಗಂಜಿಗೆ ಉಪ್ಪು ಹಾಕಿದಿರಾ, ಮಾತ್ರೆ ತೆಗೊಂಡಿರಾ ಎಂದು ಗದರಿಸುತ್ತಿದ್ದರು. ಹನ್ನೊಂದನೇ ದಿನ, ಯಾರದೋ ಮದುವೆಯ ಬಟ್ಟೆ ಬಾಕಿ ಉಂಟು ಎಂದು ನೆಪ ಹೇಳಿ ವಾಪಸು ಹೊರಟರು. ಆ ಬಟ್ಟೆಗೆ ಎರಡು ತಿಂಗಳು ಸಮಯವಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಅವರನ್ನು ಬಿಡಲು ನಾವೂ ಇಬ್ರಿಗೆ ಹೋದೆವು, ಮೂರು ಗಂಟೆ ದಾರಿ. ಮನೆ ನೋಡಿ ನನ್ನ ಗಂಡ ಕಾರಿನಿಂದ ಇಳಿಯಲಿಲ್ಲ, ಕೂತಲ್ಲೇ ಹಣೆ ಚಚ್ಚಿಕೊಂಡರು. ಎ.ಸಿ. ಚೌಕಗಳನ್ನು ಮುಚ್ಚಲು ಅಂಥ ಹಲಗೆ ಸಿಗದೆ ಚಿಕ್ಕಪ್ಪ ಪಿಕಪ್ ಮಾಡಿಕೊಂಡು ರುಸೈಲಿನ ಫ್ಯಾಕ್ಟರಿಗಳಿಗೆ ಹೋಗಿ, ಮಿಷನ್ನುಗಳು ಬಂದ ಖಾಲಿ ಪೆಟ್ಟಿಗೆಗಳನ್ನು ಒಡೆದು ತಂದಿದ್ದರು. ಆ ಹಲಗೆಗಳ ಮೇಲೆ ಕಪ್ಪು ಅಕ್ಷರ, ಈ ಬದಿ ಮೇಲೆ ಎಂಬ ಬಾಣದ ಗುರುತು, ಒಡೆಯುವ ಸಾಮಾನು ಎಂಬ ಗಾಜಿನ ಲೋಟದ ಚಿತ್ರ. ಬಾಣಗಳೆಲ್ಲ ನೆಲಕ್ಕೆ ಮುಖ ಮಾಡಿದ್ದವು. "ಬಣ್ಣ ಹೊಡೆದ್ರೆ ಗೊತ್ತೇ ಆಗುದಿಲ್ಲ" ಎಂದರು ಚಿಕ್ಕಪ್ಪ. ಜಗಲಿಯ ಮೇಲಿನ ಮರದ ಕಸೂತಿ ಒಂದು ಕಡೆ ಮುರಿದು ಹೋಗಿತ್ತು. ಅದನ್ನು ಪ್ಲೈವುಡ್ಡಿನಲ್ಲಿ ತಾವೇ ಕೊರೆದಿದ್ದರು. ಮೂಲದ ವಿನ್ಯಾಸ ನೆನಪಿಲ್ಲದೆ ಮಾವಿನೆಲೆಯ ತೋರಣ ಕೊರೆದುಬಿಟ್ಟಿದ್ದರು. ಹೀಗಾಗಿ ಜಗಲಿಯ ಒಂದು ತುದಿಯಲ್ಲಿ ಆಸ್ಟ್ರೇಲಿಯಾ, ಇನ್ನೊಂದು ತುದಿಯಲ್ಲಿ ನಮ್ಮೂರಿನ ಗೃಹಪ್ರವೇಶ! ನಡುವೆ ಆ ಅಲ್ಯೂಮಿನಿಯಂ ಕೋಣೆ ಹಾಗೆಯೇ ನಿಂತಿತ್ತು. ಅದರ ಬಗ್ಗೆ ನಾನು ಕೇಳಿದೆ. ಚಿಕ್ಕಪ್ಪನಿಗೆ ಕೇಳಿಸಲಿಲ್ಲ.

ಜೂನ್ ಮೊದಲಿಗೆ ಕಚೇರಿಯಿಂದ ಪರೀಕ್ಷೆಗೆ ಬಂದದ್ದು ಇಪ್ಪತ್ತೈದರ ಆಸುಪಾಸಿನ ಒಮಾನಿ ಹುಡುಗಿ, ಕಟ್ಟಡಗಳ ಬಗ್ಗೆ ಓದಿದವಳು. ಮಾಲೀಕನ ಮಗನೂ ಬಂದಿದ್ದ. ಇಂಗ್ಲಿಷಿನಲ್ಲಿ ಮಾತಾಡಲು ನಾನು ರಜೆ ಹಾಕಿ ಹೋಗಿದ್ದೆ. ಆ ಹುಡುಗಿ ಪ್ರತಿ ಹಲಗೆಯನ್ನೂ ಮುಟ್ಟಿ ನೋಡಿದಳು. ತಲೆಕೆಳಗಾದ ಬಾಣದ ಮುಂದೆ ನಿಂತು, ಬಣ್ಣದಡಿಯಿಂದ ಇಣುಕುತ್ತಿದ್ದ ಲೋಟದ ಚಿತ್ರದ ಮೇಲೆ ಬೆರಳಿಟ್ಟು, "ಇದು ಯಾವ ಕಾಲದ್ದು?" ಎಂದಳು.

ನಾನು ಚಿಕ್ಕಪ್ಪನನ್ನು ನೋಡಿದೆ. "ಹೋದ ತಿಂಗಳದ್ದು ಅಂತ ಹೇಳು. ಸುಳ್ಳು ಹೇಳ್ಬಾರ್ದು" ಎಂದರು.

ಹುಡುಗಿ ನಕ್ಕಳು. ಆಮೇಲೆ ಹೊಲಿಗೆ ಕೋಣೆಯೊಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಅವಳ ಸೋದರತ್ತೆಯ ಮದುವೆಯ ಬಟ್ಟೆ ಹೊಲಿದದ್ದು ಚಿಕ್ಕಮ್ಮನೇ ಎಂದು ಗೊತ್ತಾಗಿ, ಇಬ್ಬರೂ ಅರಬಿಯಲ್ಲಿ ಆ ಮದುವೆಯ ಊಟದವರೆಗೆ ತಲುಪಿದ್ದರು. ಹೊರಗೆ ಬಂದವಳ ಮುಖ ಮಾತ್ರ ಸಪ್ಪಗಿತ್ತು. ಅವಳು ನನಗೆ ಹೇಳಿದ್ದು ಇಷ್ಟು: ಈ ಮನೆ ನಿಜಕ್ಕೂ ಅಪರೂಪದ್ದು. ಗೋಡೆ, ಮಾಡು, ಕಂಬಗಳು ಮೂಲದವೇ. ಜನ ಬದಲಾಯಿಸಿಕೊಂಡದ್ದೂ ಮನೆಯ ಚರಿತ್ರೆಯೇ ಎಂದು ನಾನು ಓದಿದ್ದೇನೆ. ಆದರೆ ನನ್ನ ಫಾರಂನಲ್ಲಿ, ಮನೆಯ ಮೂಲ ಮುಖ ಉಳಿದಿದೆಯೇ ಎಂದು ಒಂದು ಪ್ರಶ್ನೆ ಇದೆ. ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ. ಆ ಗಾಜಿನ ಕೋಣೆ ತೆಗೆದು ಜಗಲಿ ಮೊದಲಿನ ಹಾಗೆ ಮಾಡಿ. ನಾನು ಇನ್ನೆರಡು ವಾರ ಬಿಟ್ಟು ಭಾನುವಾರ ಬರುತ್ತೇನೆ, ಹೌದು ಎಂದು ಬರೆಯುತ್ತೇನೆ.

ಮಾಲೀಕನ ಮಗ ತಾನಾಗಿಯೇ ಹೇಳಿದ: "ಪಟ್ಟಿಗೆ ಸೇರಿದರೆ ನಾನು ಕೆಡವುವುದಿಲ್ಲ. ನಮ್ಮ ತಂದೆಗೂ ಈ ಮನೆ ಇಷ್ಟವಿತ್ತು. ಆಗ ನೀವೇ ಇರಿ."

ಆಗುವುದೇ ಇಲ್ಲ ಎಂದುಕೊಂಡಿದ್ದ ಕೆಲಸ ಆಗಿಯೇ ಹೋಗಿತ್ತು! ಹತ್ತು ಹದಿನೈದು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಅದೂ ಯಾರು ಬಿಚ್ಚಬೇಕು? ಇಬ್ರಿಯ ಪ್ರತಿ ಗೋಡೆಯಿಂದ ಚೌಕಟ್ಟು ಕಿತ್ತ ಕೈ. ನಾನು ಕನ್ನಡದಲ್ಲಿ ಎಲ್ಲ ವಿವರಿಸಿದೆ. ಚಿಕ್ಕಪ್ಪ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು.

"ಅದು ಮಾತ್ರ ಆಗ್ಲಿಕ್ಕಿಲ್ಲ" ಎಂದರು.

ಯಾಕೆ ಎಂದು ಕೇಳಿದ್ದಕ್ಕೆ ಆ ಎರಡು ವಾರ ಫೋನಿನಲ್ಲಿ ಅವರು ಕೊಟ್ಟ ಕಾರಣಗಳನ್ನು ಹೇಳಿದರೆ ನೀವು ನನ್ನನ್ನೇ ಅನುಮಾನಿಸುತ್ತೀರಿ. ಚೌಕಟ್ಟು ತೆಗೆದರೆ ಮಾಡು ಕುಸಿಯುತ್ತದಂತೆ. ಚೌಕಟ್ಟನ್ನು ಹಿಡಿದುಕೊಂಡಿರುವುದು ಮಾಡೇ, ಮಾಡನ್ನು ಹಿಡಿದುಕೊಂಡಿರುವುದು ಕಂಬ ಎಂದು ಅವರೇ ನನಗೆ ಹಿಂದೆ ಪಾಠ ಮಾಡಿದ್ದರು. ಮರುದಿನ ಬೇರೆ ಕಾರಣ, ಸ್ಕ್ರೂ ತುಕ್ಕು ಹಿಡಿದಿದೆಯಂತೆ. ಮತ್ತೊಂದು ದಿನ, ಗಾಜು ಇಡಲು ಜಾಗವಿಲ್ಲವಂತೆ. ಸ್ವಂತ ಗೋಡೌನು ಇರುವ ಮನುಷ್ಯ!

ನನಗೆ ಸಾಕು ಸಾಕಾಯಿತು. "ಇದು ಬರೀ ನಿಮ್ಮ ಅಹಂಕಾರ ಚಿಕ್ಕಪ್ಪ. ಅದು ನಿಮ್ಮ ಮೊದಲ ಅಲ್ಯೂಮಿನಿಯಂ ಕೆಲಸ, ಅದಕ್ಕೇ ಕೈ ಬರುವುದಿಲ್ಲ. ಒಂಬತ್ತು ಸಲ ಅರ್ಜಿ ಬರೆದ ನನಗೆ ಇದೇನಾ ಕೊಡುವುದು?" ಎಂದು ಕೂಗಿಬಿಟ್ಟೆ. ಹಿರಿಯರೊಡನೆ ಹಾಗೆ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಹಾಗೇ ಅಂತ ಇಟ್ಕೋ ಮಗಳೇ" ಎಂದರು ಅವರು, ಮೆಲ್ಲಗೆ.

ಭಾನುವಾರದ ಹಿಂದಿನ ಶುಕ್ರವಾರ, ಕೊನೆಯದಾಗಿ ಒಮ್ಮೆ ಎದುರೆದುರು ಜಗಳವಾಡಿಯೇ ಬಿಡುವುದೆಂದು ಗಂಡನನ್ನು ಎಬ್ಬಿಸಿಕೊಂಡು ಇಬ್ರಿಗೆ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಹೋಗಿ ನೋಡಿದರೆ ಚಿಕ್ಕಪ್ಪ ಇರಲಿಲ್ಲ. ಚಿಕ್ಕಮ್ಮ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿದ್ದರು, ಕೈಯಲ್ಲಿ ಸ್ಕ್ರೂಡ್ರೈವರ್. ಎರಡು ಗಾಜು ಬಿಚ್ಚಿ ಗೋಡೆಗೆ ಒರಗಿಸಿಯಾಗಿತ್ತು. ಹೊಲಿಗೆ ಮಿಷನ್ ಒಳಗೆ ಹೋಗಿ, ಮೇಲೆ ಹಳೆಯ ಬೆಡ್‌ಶೀಟು ಹೊದ್ದುಕೊಂಡಿತ್ತು.

"ಎಂತ ಮಾಡ್ತಾ ಇದ್ದೀರಿ ಚಿಕ್ಕಮ್ಮ?"

"ಕಾಣುದಿಲ್ವಾ? ಆ ಹುಡುಗಿ ಭಾನುವಾರ ಬರ್ತಾಳಲ್ಲ."

"ಚಿಕ್ಕಪ್ಪ ಒಪ್ಪಿದರಾ?"

"ಅವರನ್ನು ಕೇಳಿದ್ದು ಯಾರು? ಮೀನಿಗೆ ಕಳಿಸಿದ್ದೇನೆ. ಒಳ್ಳೆ ಅಂಜಲ್ ಸಿಗದೆ ಬರ್ಬೇಡಿ ಅಂತ ಹೇಳಿದ್ದೇನೆ. ಮಧ್ಯಾಹ್ನ ಆಗ್ತದೆ ಬರುವಾಗ."

"ನಿಮಗೆ ಈ ಮನೆ ಕಂಡರೇ ಆಗುವುದಿಲ್ಲವಲ್ಲ."

"ಆಗುದಿಲ್ಲ." ಅವರು ಇನ್ನೊಂದು ಸ್ಕ್ರೂಗೆ ಕೈ ಹಾಕಿದರು. "ಅವರಿಗೆ ಆಗ್ತದಲ್ಲ. ಇದನ್ನು ಕೆಡವ್ತಾರೆ ಅಂತ ಗೊತ್ತಾದಲ್ಲಿಂದ ಅವರಿಗೆ ಅನ್ನ ಸೇರುದಿಲ್ಲ ಮಗಳೇ. ನಾನು ಹತ್ತಿರ ಇರುವವಳು, ನನಗೆ ಕಾಣ್ತದೆ. ಹೊಲಿಗೆಗೆ ಎಂತ, ಅಡುಗೆ ಕೋಣೆಯಲ್ಲಿ ಕೂತ್ರೂ ಆಗ್ತದೆ."

ಅವರ ಅಡುಗೆ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕು. ಅಲ್ಲಿ ಮಿಷನ್ ಹಿಡಿಯುವುದಿಲ್ಲ, ಕಿಟಕಿಯಿಲ್ಲ, ಯಾವ ನೆರೆಯವಳೂ ಬಟ್ಟೆ ಹಿಡಿದು ಬರುವುದಿಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಅಷ್ಟು ದೂರ ಬಂದದ್ದು ಆ ಕೋಣೆ ಬಿಚ್ಚಿಸಲೆಂದೇ. ಈಗ ಕಣ್ಣೆದುರು ಬಿಚ್ಚುತ್ತಿದ್ದರೂ ಸಹಾಯಕ್ಕೆ ನನ್ನ ಕೈ ಮುಂದೆ ಹೋಗಲಿಲ್ಲ. ಸುಮ್ಮನೆ ಸ್ಟೂಲು ಹಿಡಿದುಕೊಂಡು ನಿಂತೆ.

ಅಂಜಲ್ ಬೇಗನೆ ಸಿಕ್ಕಿತ್ತೆಂದು ಕಾಣುತ್ತದೆ. ಚಿಕ್ಕಪ್ಪ ಗೇಟು ತೆರೆದು ಬಂದವರು ಅಲ್ಲೇ ನಿಂತರು. ಮೀನಿನ ಚೀಲ ಕೆಳಗಿಟ್ಟರು. ಬೈಯುತ್ತಾರೆಂದು ನಾನು ಕಾದೆ.

"ಇಳಿ" ಎಂದರು.

"ಇನ್ನು ಎರಡೇ ಉಂಟು" ಎಂದರು ಚಿಕ್ಕಮ್ಮ.

"ಇಳಿ ಅಂದೆ. ಹಾಗೆ ಓರೆ ಹಿಡಿದು ತಿರುಗಿಸಿದ್ರೆ ಸ್ಕ್ರೂವಿನ ತಲೆ ಹಾಳಾಗ್ತದೆ."

ಚಿಕ್ಕಮ್ಮ ಇಳಿಯುವ ಮೊದಲೇ ಚಿಕ್ಕಪ್ಪ ಫೋನು ತೆಗೆದು ಮಾಲೀಕನ ಮಗನಿಗೆ ಹಚ್ಚಿದರು. ಅರಬಿ ಹಿಂದಿ ಬೆರೆಸಿ ಎರಡೇ ಮಾತು. ಭಾನುವಾರ ಆ ಹುಡುಗಿಯನ್ನು ಕರೆಸಬೇಡ, ಅರ್ಜಿ ಖಲಾಸ್. ಮೂರು ವಾರದಲ್ಲಿ ಬಕ್ರೀದ್ ಕಳೆದ ಮೇಲೆ ನಿನ್ನ ಕೆಲಸ ನೀನು ಮಾಡು, ನಾವು ಖಾಲಿ ಮಾಡಿರುತ್ತೇವೆ. ಫೋನು ಕಿಸೆಗೆ ಹಾಕಿಕೊಂಡರು.

ಚಿಕ್ಕಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಮಗೆ ಎಂತ ಆಗಿದೆ? ಇಷ್ಟು ದಿನ ಹೆರಿಟೇಜ್ ಹೆರಿಟೇಜ್ ಅಂತ ನನ್ನ ಜೀವ ತಿಂದ್ರಿ. ಎ.ಸಿ. ಕಿತ್ತಿರಿ, ಸೀಲಿಂಗ್ ಕಿತ್ತಿರಿ. ನಾನೇ ಬಿಚ್ಚಿ ಕೊಡ್ತೇನೆ ಅಂದ್ರೆ ಬೇಡವಾ?"

"ಬೇಡ."

"ಯಾಕೆ ಬೇಡ?"

ಚಿಕ್ಕಪ್ಪ ಒರಗಿಸಿಟ್ಟಿದ್ದ ಗಾಜನ್ನು ಎತ್ತಿ, ಅಂಚು ಒಡೆದಿದೆಯೇ ಎಂದು ಬೆರಳಾಡಿಸಿ ನೋಡಿದರು. ನಮ್ಮಿಬ್ಬರ ಮುಖ ನೋಡಲಿಲ್ಲ. "ಸಂಜೆ ಅಂಗಡಿಯಿಂದ ಬರುವಾಗ ಆ ತಿರುವಿನಿಂದ ಕಾಣ್ತದೆ" ಎಂದರು. "ಲೈಟ್ ಹಾಕಿಕೊಂಡು ನೀನು ಕೂತಿರ್ತಿ. ಇಷ್ಟು ವರ್ಷ ನಾನು ಈ ಮನೆ ಅಂತ ನೋಡಿದ್ದು ಅದನ್ನೇ. ಆ ಹುಡುಗಿ ಅದನ್ನು ತೆಗೀರಿ ಅಂದಾಗ ಗೊತ್ತಾದದ್ದು ನನಗೆ. ಅದಿಲ್ಲದ ಮನೆ ಉಳಿಸಿ ನಾನೆಂತ ಮಾಡುದು?"

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸ್ಕ್ರೂಗಳನ್ನು ಹಾಕಿಟ್ಟಿದ್ದ ಬಟ್ಟಲನ್ನು ತಂದು ಗಂಡನ ಪಕ್ಕದಲ್ಲಿ ಹಿಡಿದು ನಿಂತರು. ಅಹಂಕಾರ ಎಂದು ಕೂಗಿದ್ದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೀನಿನ ಚೀಲ ಎತ್ತಿಕೊಂಡು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಹೊರಗೆ ಬಂದಾಗ ಎರಡೂ ಗಾಜು ತಮ್ಮ ಜಾಗದಲ್ಲಿ ಕೂತಿದ್ದವು. ನನ್ನ ಗಂಡ ಮಿಷನ್ನನ್ನು ಮತ್ತೆ ಕೋಣೆಗೆ ತಂದಿಟ್ಟಿದ್ದರು. ಚಿಕ್ಕಪ್ಪ ಸ್ಟೂಲು ಹತ್ತಿ ಗಾಜಿನ ನಾಲ್ಕೂ ಅಂಚಿಗೆ ಸಿಲಿಕಾನ್ ಎಳೆಯುತ್ತಿದ್ದರು, ಎಳೆದದ್ದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಮ ಮಾಡುತ್ತಿದ್ದರು.

"ಮೂರು ವಾರಕ್ಕೆ ಯಾಕೆ ಅಷ್ಟೆಲ್ಲ?" ಎಂದರು ಚಿಕ್ಕಮ್ಮ ಒಳಗಿನಿಂದ, ಸೂಜಿಗೆ ನೂಲು ಹಾಕುತ್ತಾ.

"ಮೂರು ವಾರ ಗಾಳಿ ಬರುದಿಲ್ವಾ?" ಎಂದರು ಚಿಕ್ಕಪ್ಪ. "ನಿನ್ನ ಕಣ್ಣಿಗೆ ಮರಳು ಬೀಳ್ತದೆ."